ಚಿನ್ನದ ಮೇಲೆ ಆಯಸ್ಕಾಂತ ಯಾಕೆ ಮಂಕಾಗುತ್ತದೆ?

ಪ್ರಶ್ನೆ: ಸರ್, ಒಂದೇ ಒಂದು ಅಣು ಆಯಸ್ಕಾಂತದ ಹಾಗೆ ವರ್ತಿಸುತ್ತದಂತೆ. ಅದನ್ನು ಲೋಹದ ಮೇಲಿಟ್ಟು ಎಸ್‌ಟಿಎಂ (ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್) ಎಂಬ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಅಷ್ಟು ಸಣ್ಣದು ಕಾಣುವುದು ಹೇಗೆ? ಲೋಹದ ಮೇಲಿಟ್ಟರೆ ಅದರ ಗುಣ ಉಳಿಯುತ್ತದಾ?
– ಬಿಎಸ್ಸಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತನಾದವನು ನಾನು. ಇಂಥ ಪ್ರಶ್ನೆ ಬಂದರೆ ಖುಷಿಯೇ.

ಎಸ್‌ಟಿಎಂನಲ್ಲಿ ಲೆನ್ಸಿಲ್ಲ, ಬೆಳಕೂ ಇಲ್ಲ. ತುಂಬಾ ಚೂಪಾದ ಒಂದು ಸೂಜಿ ಉಂಟು. ಅದನ್ನು ಮೇಲ್ಮೈಗೆ ತಾಗಿಸದೆ, ಒಂದು ನ್ಯಾನೋಮೀಟರಿಗಿಂತಲೂ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಹತ್ತಿರ ತರುತ್ತಾರೆ. ಸ್ವಲ್ಪ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ನಡುವಿನ ಖಾಲಿ ಜಾಗ ದಾಟುತ್ತವೆ. ಅಂತರ 0.1 ನ್ಯಾನೋಮೀಟರ್ ಜಾಸ್ತಿಯಾದರೆ ಸಾಕು, ಕರೆಂಟು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಈ ಏರಿಳಿತದಿಂದಲೇ ಚಿತ್ರ. 1981ರಲ್ಲಿ ಬಿನಿಗ್ ಮತ್ತು ರೋರರ್ ಎಂಬ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು, 1986ರಲ್ಲಿ ನೊಬೆಲ್ ಬಂತು.

ನಿಮ್ಮ ಎರಡನೇ ಪ್ರಶ್ನೆಯೇ ಗಟ್ಟಿ. ಒಂಟಿ ಅಣು ಆಯಸ್ಕಾಂತದ ಹಾಗೆ ವರ್ತಿಸುವ ಗುಣ ಮೊದಲು ಗೊತ್ತಾದದ್ದು 1993ರಲ್ಲಿ, ಹನ್ನೆರಡು ಮ್ಯಾಂಗನೀಸ್ ಇರುವ ಒಂದು ಅಣುವಿನಲ್ಲಿ. ಆದರೆ ಅದು ನಾಜೂಕು, ಲೋಹದ ಮೇಲೆ ಸುಲಭದಲ್ಲಿ ಕೆಟ್ಟುಹೋಗುತ್ತದೆ. ಹಾಗಾಗಿ ಜನ ಟರ್ಬಿಯಂ ಎಂಬ ಲೋಹವಿರುವ ಅಣುವಿನ ಹಿಂದೆ ಬಿದ್ದರು. ಇದರ ಗುಣವನ್ನು 2003ರಲ್ಲಿ ತೋರಿಸಿದ್ದು ಜಪಾನಿನ ಇಶಿಕಾವಾ ತಂಡ. ಥಾಲೋಸಯನೀನ್ ಎಂಬ ಚಪ್ಪಟೆ ರಾಸಾಯನಿಕದ ಎರಡು ತಟ್ಟೆ, ನಡುವೆ ಒಂದು ಟರ್ಬಿಯಂ. ಥಾಲೋಸಯನೀನ್ ನಿಮಗೆ ಹೊಸತೇನಲ್ಲ. ಅದಕ್ಕೆ ತಾಮ್ರ ಸೇರಿದರೆ ನೀಲಿ ಪೇಂಟಿನ ಬಣ್ಣ. (ಅಡಿಕೆಗೆ ಬಿಡುವ ಮೈಲುತುತ್ತಿನ ನೀಲಿ ಬೇರೆ, ಅದು ಬರೀ ತಾಮ್ರದ ಸಲ್ಫೇಟು.)

ಈ ಅಣು ಚಿನ್ನದ ಮೇಲೆ ಚಪ್ಪಟೆಯಾಗಿ, ಚಂದಕ್ಕೆ ಸಾಲಾಗಿ ಕೂರುತ್ತದೆ. 2011ರಲ್ಲಿ ಕೊಮೆಡಾ ತಂಡದವರು ಸೂಜಿಯಿಂದ ಕರೆಂಟು ಹಾಯಿಸಿ ಮೇಲಿನ ತಟ್ಟೆಯನ್ನು ತಿರುಗಿಸಿದರು. ತಟ್ಟೆಯ ಸ್ಪಿನ್ನಿನ (ಎಲೆಕ್ಟ್ರಾನು ಪುಟ್ಟ ಆಯಸ್ಕಾಂತದಂತಿರುವ ಗುಣ) ಗುರುತು ಮಾಯವಾಯಿತು. ಇನ್ನೊಮ್ಮೆ ತಿರುಗಿಸಿದರೆ ವಾಪಸ್! ಇಲ್ಲೊಂದು ಸೂಕ್ಷ್ಮ ಉಂಟು: ಅವರಿಗೆ ಸಿಕ್ಕಿದ್ದು ತಟ್ಟೆಯ ಸ್ಪಿನ್, ಟರ್ಬಿಯಂನದ್ದಲ್ಲ. ಟರ್ಬಿಯಂಗೆ ಆಯಸ್ಕಾಂತದ ಗುಣ ಕೊಡುವ ಎಫ್ ಎಲೆಕ್ಟ್ರಾನುಗಳು ಒಳಗೆ ಅಡಗಿರುತ್ತವೆ, ಸೂಜಿಗೆ ಸುಲಭದಲ್ಲಿ ಸಿಗುವುದಿಲ್ಲ.

ಆಯಸ್ಕಾಂತ ಅನ್ನಿಸಿಕೊಳ್ಳಬೇಕಾದರೆ ಅಣು, ಹೊರಗಿನ ಆಯಸ್ಕಾಂತ ತೆಗೆದ ಮೇಲೂ ತನ್ನ ಕಾಂತ ದಿಕ್ಕು ಉಳಿಸಿಕೊಳ್ಳಬೇಕು, ಅಲ್ವಾ? ಲೋಹದ ಮೇಲೆ ಅದೇ ಕಷ್ಟ. ಲೋಹದ ಎಲೆಕ್ಟ್ರಾನುಗಳು ಬಂದು ಬಡಿಯುತ್ತಲೇ ಇರುತ್ತವೆ, ದಿಕ್ಕು ಬೇಗ ತಪ್ಪುತ್ತದೆ. ಬೆಳ್ಳಿಯ ಮೇಲೆ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರ ಹಾಸಿ ಅದರ ಮೇಲಿಟ್ಟಾಗ ಇದೇ ಟರ್ಬಿಯಂ ಅಣು ದಿಕ್ಕನ್ನು ಚೆನ್ನಾಗಿ ಹಿಡಿದುಕೊಂಡದ್ದು 2016ರಲ್ಲಿ ಗೊತ್ತಾಯಿತು. ಅಳೆದದ್ದು ಎಕ್ಸ್‌ರೇಯಿಂದ. ಅಣುಗಳು ಹೇಗೆ ಕೂತಿವೆ ಎಂದು ತೋರಿಸಿದ್ದು ಎಸ್‌ಟಿಎಂ. ಒಂದೇ ಯಂತ್ರ ಎಲ್ಲವನ್ನೂ ಹೇಳುತ್ತದೆ ಎಂದುಕೊಳ್ಳಬೇಡಿ.

ಇಂಥ ಅಣುವಿನ ದಿಕ್ಕನ್ನೇ ಮಾಹಿತಿಯಾಗಿ ಇಡುವ ಮೆಮೊರಿ ಮೊಬೈಲಿಗೆ ಯಾವಾಗ ಬರುತ್ತದೆ ಎಂದು ಈಗಲೇ ಕೇಳಬೇಡಿ. ಇಂಥ ಪ್ರಯೋಗಗಳು ನಡೆಯುವುದು ಹೀಲಿಯಂ ತಂಪಿನಲ್ಲಿ, ಸೊನ್ನೆ ಸೆಲ್ಸಿಯಸ್‌ಗಿಂತ 260 ಡಿಗ್ರಿಗೂ ಕೆಳಗೆ. 2018ರಲ್ಲಿ ಡಿಸ್ಪ್ರೋಸಿಯಂ ಎಂಬ ಇನ್ನೊಂದು ಲೋಹದ ಅಣು 80 ಕೆಲ್ವಿನ್‌ವರೆಗೂ (ಸುಮಾರು ಮೈನಸ್ 193 ಡಿಗ್ರಿ ಸೆಲ್ಸಿಯಸ್) ತನ್ನ ದಿಕ್ಕಿನ ನೆನಪು ಉಳಿಸಿಕೊಂಡಿತು. ತಂಪು ಮಾಡಲು ಸುಲಭದಲ್ಲಿ ಸಿಗುವ ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ, ಹಾಗಾಗಿ ಅದು ದೊಡ್ಡ ಸುದ್ದಿಯೇ. ಆದರೆ ಆ ಅಳತೆ ಮಾಡಿದ್ದು ರಾಶಿ ಅಣುಗಳ ಮೇಲೆ, ಲೋಹದ ಮೇಲೆ ಕೂತ ಒಂಟಿ ಅಣುವಿನಲ್ಲಲ್ಲ.