6 ಮತ್ತು 9 ಅದಲುಬದಲಾಗುವ ಮಗುವಿಗೆ ಅಂಕಿ ಕಲಿಸುವುದು ಹೇಗೆ?

ಎರಡನೇ ಕ್ಲಾಸಿನ ಮಗಳಿಗೆ ಡಿಸ್‌ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ಕಲಿಕೆಯ ತೊಂದರೆ) ಇದೆ, ಎಷ್ಟು ವರ್ಕ್‌ಶೀಟ್ ಮಾಡಿಸಿದರೂ 6ರ ಜಾಗದಲ್ಲಿ 9, 12ರ ಜಾಗದಲ್ಲಿ 21 ಬರೆಯುತ್ತಾಳೆ ಅಂತ ಕೇಳಿದ್ದೀರಿ. ನನ್ನ ಮಗನೂ ಹಾಗೇ ಬರೆಯುತ್ತಿದ್ದ. ಸದ್ಯಕ್ಕೆ ವರ್ಕ್‌ಶೀಟ್ ಎತ್ತಿಟ್ಟುಬಿಡಿ.

ಮೊದಲು ಏಳು ಹುಣಸೆ ಬೀಜ ಕೊಡು ಅಂತ ಕೇಳಿ ನೋಡಿ. ಸರಿಯಾಗಿ ಕೊಟ್ಟರೆ ಅವಳಿಗೆ ಎಣಿಕೆ ಬರುತ್ತದೆ, ಬರಹದ ಗುರುತು ಮಾತ್ರ ಕಷ್ಟ. ಎಣಿಕೆಯೇ ಮತ್ತೆಮತ್ತೆ ತಪ್ಪಿದರೆ ಡಿಸ್‌ಕ್ಯಾಲ್ಕುಲಿಯಾ (ಎಣಿಕೆ, ಲೆಕ್ಕ ಕಷ್ಟವಾಗುವ ತೊಂದರೆ) ಕೂಡ ಇರಬಹುದು. ಅವಳನ್ನು ಪರೀಕ್ಷೆ ಮಾಡಿದವರನ್ನೇ ಕೇಳಿ.

ಲೋಟವನ್ನು ಬೋರಲು ಹಾಕಿದರೂ ಅದು ಲೋಟವೇ. 6 ಬೋರಲಾದರೆ ಮಾತ್ರ 9! ಮಗುವಿಗೆ ಗೊಂದಲ ಆಗುವುದು ಸಹಜ ಅಲ್ವಾ? ನಾನು ಸ್ಯಾಂಡ್‌ಪೇಪರಿನಲ್ಲಿ ಅಂಕಿ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಮಾಂಟೆಸ್ಸರಿ ಶಾಲೆಗಳಲ್ಲಿ ಇರುವಂಥದ್ದೇ. ಯಾವ ಕಡೆ ಕೆಳಗೆ ಅಂತ ತಿಳಿಯಲು ರಟ್ಟಿನ ಬುಡಕ್ಕೆ ದಪ್ಪ ಕೆಂಪು ಗೆರೆ ಎಳೆದೆ. ಮಗ ಎರಡು ಬೆರಳಲ್ಲಿ ತಿದ್ದುತ್ತಾ ಜೋರಾಗಿ "ಆರು" ಅನ್ನಬೇಕು, ಪಕ್ಕದಲ್ಲಿ ಆರು ಬೀಜ ಇಡಬೇಕು. ಆಮೇಲೆ ತಟ್ಟೆಯಲ್ಲಿ ಹರಡಿದ ರವೆಯ ಮೇಲೆ ಬರೆಯಬೇಕು. 6 ಗಟ್ಟಿಯಾಗುವವರೆಗೆ 9ನ್ನು ತೋರಿಸಲೇ ಇಲ್ಲ. ಎರಡನ್ನೂ ಒಟ್ಟಿಗೆ ಕಲಿಸಿದ್ದು ನಾನು ಮೊದಲು ಮಾಡಿದ ತಪ್ಪು.

12, 21ಕ್ಕೆ ಪೊರಕೆ ಕಡ್ಡಿ ಸಾಕು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಕಟ್ಟು ಎಡಕ್ಕೆ, ಬಿಡಿ ಕಡ್ಡಿ ಬಲಕ್ಕೆ. ಇಲ್ಲಿ ಹೆಸರನ್ನು ಕನ್ನಡದಲ್ಲೇ ಹೇಳಿಸಿ. ಇಂಗ್ಲಿಷಿನ "ಫೋರ್ಟೀನ್"ನಲ್ಲಿ ನಾಲ್ಕು ಮೊದಲು ಕೇಳುತ್ತದೆ, ಮಗು 41 ಬರೆದುಬಿಡುತ್ತದೆ. "ಇಪ್ಪತ್ತೊಂದು" ಅಂದರೆ ಇಪ್ಪತ್ತು ಮೊದಲು, ಒಂದು ಆಮೇಲೆ. ಕಿವಿಗೆ ಬಿದ್ದ ಸಾಲಿನಲ್ಲೇ ಕೈ ಬರೆಯಬಹುದು. ಇಂಗ್ಲಿಷ್ ಮೀಡಿಯಂನಲ್ಲಿದ್ದ ನನ್ನ ಮಗನಿಗೆ ಇದರಿಂದ ತುಂಬಾ ಅನುಕೂಲವಾಯಿತು. ಆದರೆ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ ಥರ ಕೇಳಿಸುತ್ತವೆ. ಅವಕ್ಕೆ ಒಂಬತ್ತು ಬಿಡಿ ಕಡ್ಡಿ, ಎಂಟು ಕಟ್ಟು, ಒಂಬತ್ತು ಕಟ್ಟು ಬೇರೆಬೇರೆ ಇಟ್ಟು ಮುಟ್ಟಿಸಿ. ೬, ೯ ಥರದ ಕನ್ನಡ ಅಂಕಿಗಳನ್ನು ಸ್ವಲ್ಪ ಮುಂದಕ್ಕೆ ಹಾಕೋಣ ಅಂತ ಟೀಚರ್ ಹತ್ತಿರ ಮಾತಾಡಿ.

ಸಂಜೆ ಚೌಕಾಬಾರ ಆಡಿ. ನಮ್ಮ ಅತ್ತೆ ಕವಡೆ ಹಾಕುತ್ತಿದ್ದರು, ಇವನು ಎಣಿಸದೆ ಒಂದೇ ನೋಟಕ್ಕೆ "ಮೂರು" ಅನ್ನುತ್ತಿದ್ದ. ಆಗ ಆ ಅಂಕಿಯ ರಟ್ಟು ಎತ್ತಿಕೊಂಡರೆ ಮಾತ್ರ ಕಾಯಿ ನಡೆಸಬಹುದು. ಪಾಠ ಅಂತ ಅವನಿಗೆ ಅನಿಸಲೇ ಇಲ್ಲ.

ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಅವಳು ಸುಸ್ತಾಗಿದ್ದರೆ ಆ ದಿನ ಆಟ ಒಂದೇ ಸಾಕು.