ಕಣ್ಣೀರು ಬರಲಿಲ್ಲವೆಂದು ಬಂದ ನಟ

ಶೋಕದಲ್ಲಿರುವವರ ಜೊತೆ ಕೆಲಸ ಮಾಡುವ ನನ್ನ ಬಳಿಗೆ ಒಂದೇ ವರ್ಷದಲ್ಲಿ ಮೂವರು ಹೊಸ ನಟರು, ರಂಗದ ಮೇಲೆ ಕಣ್ಣೀರು ಬರುತ್ತಿಲ್ಲವೆಂಬ ಹೆಚ್ಚುಕಡಿಮೆ ಒಂದೇ ಸಂಕಟ ಹೊತ್ತು ಬಂದುದರಿಂದ, ಅವರಲ್ಲೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹವ್ಯಾಸಿ ತಂಡವೊಂದರಲ್ಲಿ ಅವರಿಗೆ ಮೊದಲ ಬಾರಿ ದೊಡ್ಡ ಪಾತ್ರ ಸಿಕ್ಕಿತ್ತು. ಅಣ್ಣನ ಸಾವಿನ ಸುದ್ದಿ ಕೇಳುವ ದೃಶ್ಯದ ತಾಲೀಮಿನಲ್ಲಿ ‘ಮುಖದಲ್ಲಿ ಏನೂ ಬರುತ್ತಿಲ್ಲ’ ಎಂಬ ಮಾತು ಮತ್ತೆ ಮತ್ತೆ ಕೇಳಿಬಂದಾಗ, ಹಿರಿಯ ಸಹನಟರೊಬ್ಬರು ‘ನಿನ್ನ ಅಪ್ಪ ಹೋದ ದಿನವನ್ನು ನೆನೆಸಿಕೋ’ ಎಂದರು. ತಂದೆ ತೀರಿಕೊಂಡು ಆಗ 14 ತಿಂಗಳಾಗಿತ್ತು. ಎರಡು ಪ್ರದರ್ಶನಗಳಲ್ಲಿ ಕಣ್ಣೀರು ಹರಿಯಿತು, ಮೂರನೆಯದರಲ್ಲಿ ಬರಲಿಲ್ಲ. ಅಂದಿನಿಂದ ನಿದ್ದೆ ಕೆಟ್ಟಿತ್ತು.

ಮೊದಲ ಎರಡು ಭೇಟಿಗಳಲ್ಲಿ ಅಭಿನಯದ ಮಾತಷ್ಟೇ ಆಯಿತು. ಮೂರನೆಯ ಭೇಟಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪನನ್ನು ಖರ್ಚು ಮಾಡಿಬಿಟ್ಟೆ ಅನ್ನಿಸುತ್ತಿದೆ ಮೇಡಂ” ಎಂದರು. ಸಮಾಧಾನ ಹೇಳುವ ಆತುರವನ್ನು ತಡೆದುಕೊಂಡು, ತಂದೆ ಸಂಜೆ ಮನೆಗೆ ಬಂದ ಕೂಡಲೇ ಏನು ಮಾಡುತ್ತಿದ್ದರೆಂದು ಕೇಳಿದೆ. ಹೇಳಲು ತೊಡಗಿದವರು ಮಾತು ಸಾಲದೆನಿಸಿ ಎದ್ದು ನಿಂತರು. ಹೆಗಲ ಟವೆಲನ್ನು ಒಮ್ಮೆ ಕೊಡವಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಕಿಸೆಯ ಚಿಲ್ಲರೆಯನ್ನು ಎಣಿಸದೆಯೇ ಗೋಡೆಗೂಡಿನಲ್ಲಿಡುವ ದಣಿದ ಮನುಷ್ಯನೊಬ್ಬ ಅರೆಗಳಿಗೆ ನನ್ನ ಕೋಣೆಯಲ್ಲಿದ್ದ. ಅವರ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಗಂಟಲು ಕಟ್ಟಿತ್ತು. ಅದನ್ನು ಅವರಿಗೆ ಹಾಗೆಯೇ ಹೇಳಿದೆ.

ಆ ದಿನ ಕೊಟ್ಟ ಸಲಹೆ ಇದು: ತಂದೆಯ ಸಾವಿನ ದಿನವನ್ನು ರಂಗಕ್ಕೆ ಒಯ್ಯಬೇಡಿ, ಅದನ್ನು ಈ ಕೋಣೆಗೆ ತನ್ನಿ, ರಂಗಕ್ಕೆ ಬೇಕಾದುದನ್ನು ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಕಾಯುವ ಬೆಂಚಿನಲ್ಲಿ ಜನರ ಕೈ, ಉಸಿರು, ನಡಿಗೆಗಳನ್ನು ನೋಡಿ ಕೂಡಿಸಿಕೊಳ್ಳಿ, ದಿನಕ್ಕೊಂದು ಕ್ರಿಯೆಯನ್ನು ಕನ್ನಡಿಯಿಲ್ಲದೆ ಮಾಡಿನೋಡಿ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ಮೈಮೇಲೆ ತೋರುವ ಬಗೆಗಳಲ್ಲಿ, ಅಶ್ರು ಒಂದು ಮಾತ್ರ. ಮೈ ಮರಗಟ್ಟುವ ಸ್ತಂಭವಿದೆ, ದನಿ ಬದಲಾಗುವ ಸ್ವರಭೇದವಿದೆ, ಮುಖದ ಬಣ್ಣ ಕೆಡುವ ವೈವರ್ಣ್ಯವಿದೆ. ಸುದ್ದಿ ಕೇಳಿದವನು ಅಲುಗಾಡದೆ ನಿಂತರೂ ಅದು ಅಭಿನಯವೇ.

ನಿರ್ದೇಶಕರ ಕೆಲಸಕ್ಕೆ ಕೈಹಾಕಿದಿರೆಂದು ರಂಗಭೂಮಿಯ ಗೆಳೆಯರು ಆಕ್ಷೇಪಿಸಿದ್ದಾರೆ. ಸ್ವಂತ ನೆನಪಿನಿಂದ ಪಾತ್ರದ ಭಾವವನ್ನು ತರಿಸಿಕೊಳ್ಳುವ ಭಾವಸ್ಮೃತಿಯ ವಿಧಾನ ರಷ್ಯದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯಿಂದಲೇ ಬಂದದ್ದಲ್ಲವೇ ಎಂದು ಕೇಳಿದವರೂ ಉಂಟು. ನಿಜ, ಆದರೆ ತಮ್ಮ ಕೊನೆಯ ವರ್ಷಗಳಲ್ಲಿ ಅವರು ದೈಹಿಕ ಕ್ರಿಯೆಗಳಿಂದ ಪಾತ್ರವನ್ನು ಕಟ್ಟುವತ್ತ ಹೊರಳಿದ್ದರು. ಭಾವಸ್ಮೃತಿಯನ್ನು ಅಮೆರಿಕದಲ್ಲಿ ಮುಂದುವರಿಸಿದ ಲೀ ಸ್ಟ್ರಾಸ್‌ಬರ್ಗ್ ಕೂಡ ಕನಿಷ್ಠ ಏಳು ವರ್ಷ ಹಳೆಯ ನೆನಪನ್ನೇ ಬಳಸಬೇಕೆನ್ನುತ್ತಿದ್ದರು. ಇನ್ನೂ ಮಾಗದ ಗಾಯವನ್ನು ವಾರಕ್ಕೆರಡು ಸಲ ಕೆದಕಿ ಅದಕ್ಕೆ ತರಬೇತಿಯೆಂದು ಹೆಸರಿಡುವುದನ್ನು, ಶೋಕದಲ್ಲಿರುವವರ ಜೊತೆ ಕೆಲಸ ಮಾಡುವ ನಾನು ಒಪ್ಪಲಾರೆ.

ಮುಂದಿನ ಪ್ರದರ್ಶನದಲ್ಲಿ ಅವರು ಸುದ್ದಿ ಕೇಳಿ, ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಹುಡುಕಿದರಂತೆ. ನಮ್ಮ ಭೇಟಿಗಳು ಇನ್ನೂ ನಾಲ್ಕು ತಿಂಗಳು ನಡೆದವು. ಅಲ್ಲಿ ಮಾತೆಲ್ಲ ಅಪ್ಪನದೇ. ಒಮ್ಮೆ, ಮನೆಯಲ್ಲಿರುವ ಅಪ್ಪನ ಟವೆಲನ್ನೇ ಹೊಸ ನಾಟಕದ ಪಾತ್ರಕ್ಕೆ ಹೊದ್ದುಕೊಳ್ಳಬಹುದೇ ಎಂದು ಕೇಳಿದರು. ಬೇಡ, ಅಂಗಡಿಯಿಂದ ಬೇರೊಂದು ತನ್ನಿ ಎಂದೆ.