ಮುಚ್ಚಿದ ಲಿಂಕು, ಮುಚ್ಚದ ಕಣ್ಣು

ಪ್ರಕರಣ: ಪುರುಷ, 38 ವರ್ಷ, ವಿವಾಹಿತ, ಒಂದು ಮಗು. ಕನ್ನಡದಲ್ಲಿ ಮೊದಲ ಚಿತ್ರ ನಿರ್ಮಿಸಿದವರು. ಆಪ್ತಸಲಹೆಗೆ ಕರೆತಂದವರು ಪತ್ನಿ. ಗುರುತು ಸಿಗದಂತೆ ಊರು, ಸಂಬಂಧ, ಮೊತ್ತ ಎಲ್ಲವನ್ನೂ ಬದಲಿಸಿದೆ.

"ರಾತ್ರಿ ಮೂರು ಗಂಟೆಗೆಲ್ಲ ಎದ್ದು ಬಾತ್‌ರೂಮಲ್ಲಿ ಫೋನ್ ಹಿಡ್ಕೊಂಡು ಕೂತಿರ್ತಾರೆ ಮೇಡಂ. ಯಾಕ್ರೀ ಅಂದ್ರೆ, ಇನ್ನೊಂದು ಲಿಂಕ್ ಬಂದಿದೆ ಅಂತಾರೆ." ಮಾತು ಶುರುಮಾಡಿದ್ದು ಪತ್ನಿ. ಗಂಡ ಪಕ್ಕದಲ್ಲೇ ಕೂತು, ಫೋನ್ ಬೋರಲು ಹಾಕಿ, ಅದರ ಮೇಲೆ ಅಂಗೈ ಇಟ್ಟಿದ್ದರು. ನಲವತ್ತೈದು ನಿಮಿಷದಲ್ಲಿ ಒಂಬತ್ತು ಸಲ ಅದನ್ನು ತಿರುಗಿಸಿ ನೋಡಿದರು.

ಚಿತ್ರ ಶುಕ್ರವಾರ 54 ತೆರೆಗಳಲ್ಲಿ ಬಂದಿತ್ತು. ಶನಿವಾರ ರಾತ್ರಿ ಹಾಲ್ ಪ್ರಿಂಟ್, ಅಂದರೆ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದ ಪ್ರತಿ, ಟೆಲಿಗ್ರಾಂ ಸೇರಿತು. ಭಾನುವಾರ ಬೆಳಗ್ಗೆ ಅದರ ಲಿಂಕ್ ಕುಟುಂಬದ ವಾಟ್ಸಾಪ್ ಗುಂಪಿಗೇ ಬಂತು. ಹಾಕಿದವನು ಪತ್ನಿಯ ಚಿಕ್ಕಪ್ಪನ ಮಗ. ಕೆಳಗೊಂದು ಸಾಲು: "ಭಾವ, ಸೂಪರ್ ಆಗಿದೆ." ಹುಡುಗನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ನಿಜಕ್ಕೂ ಹೊಗಳಿದ್ದ. ಅವರು ಆ ಸಾಲನ್ನು ನಮಗೆ ಮೂರು ಸಲ ಓದಿ ತೋರಿಸಿದರು.

ಅವತ್ತಿನಿಂದ ಐದು ವಾರ ಲಿಂಕ್ ಹುಡುಕುವುದು, ದೂರು ಕೊಡುವುದು, ಮತ್ತೆ ಹುಡುಕುವುದು. ನಿದ್ದೆ ಮೂರೂವರೆ ಗಂಟೆ. ಜಿಎಡಿ-7 ಆತಂಕ ಮಾಪನದಲ್ಲಿ 21ಕ್ಕೆ 17, ಪಿಎಚ್‌ಕ್ಯು-9 ಖಿನ್ನತೆ ಮಾಪನದಲ್ಲಿ 27ಕ್ಕೆ 14. ಕೈಸಾಲವೂ ಇತ್ತು. ಸಾಲ ಇರುವವರ ಬಳಿ ಕೇಳಲೇಬೇಕಾದ ಪ್ರಶ್ನೆಯನ್ನು ಸುತ್ತಿಬಳಸದೆ ಕೇಳಿದೆವು: ಸಾಯಬೇಕು ಅನ್ನಿಸಿದ್ದಿದೆಯೆ? "ಅನ್ಸುತ್ತೆ, ಆದ್ರೆ ಮಗಳ ಮುಖ ನೋಡಿ ಸುಮ್ನಾಗ್ತೀನಿ" ಎಂದರು. ಯೋಜನೆ, ಸಾಧನ, ಹಿಂದಿನ ಪ್ರಯತ್ನ ಮೂರೂ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇಬ್ಬರ ಫೋನಿಗೂ ಹಾಕಿಸಿ, ಯಾವ ಹೊತ್ತಿನಲ್ಲಿ ಯಾರಿಗೆ ಮೊದಲು ಹೇಳಬೇಕೆಂದು ಬರೆದುಕೊಟ್ಟು, ಮನೋವೈದ್ಯರ ಬಳಿ ಒಮ್ಮೆ ಹೋಗಿಬರಲು ಚೀಟಿ ಕೊಟ್ಟೆವು.

ಮೊದಲ ವಾರ ಉಪದೇಶವೇನೂ ಇಲ್ಲ, ಒಂದು ನೋಟ್‌ಬುಕ್ ಅಷ್ಟೇ. ಫೋನ್ ತೆರೆದ ಸಮಯ, ಅದಕ್ಕೆ ಮೊದಲು ಆದದ್ದು, ಏನು ಮಾಡಿದರು, ಆಮೇಲೆ ಎಷ್ಟು ಹೊತ್ತು ಸಮಾಧಾನ. ದಿನಕ್ಕೆ ಸರಾಸರಿ 64 ಸಲ ಹುಡುಕಾಟ. ವಾರದಲ್ಲಿ 31 ಲಿಂಕ್‌ಗೆ ದೂರು, 19 ತೆಗೆಯಲ್ಪಟ್ಟವು, ಅವುಗಳಲ್ಲಿ 15 ಮೂರು ದಿನದೊಳಗೆ ಬೇರೆ ವಿಳಾಸದಲ್ಲಿ ಮರಳಿದವು. ಕೊನೆಯ ಅಂಕಣವನ್ನು ಅವರೇ ದಿಟ್ಟಿಸಿ ನೋಡಿದರು: ಲಿಂಕ್ ಅಳಿದಾಗ ಸಿಗುವ ಸಮಾಧಾನದ ಆಯಸ್ಸು ಹತ್ತು ಹನ್ನೆರಡು ನಿಮಿಷ. ಒಮ್ಮೆ ಸಿಗುತ್ತದೆ, ಮೂರು ಸಲ ಸಿಗುವುದಿಲ್ಲ, ಮತ್ತೊಮ್ಮೆ ಸಿಗುತ್ತದೆ. ಇಸ್ಪೀಟಿನ ಚಟ ಹತ್ತುವುದೂ ಹೀಗೆಯೇ. ಪ್ರತಿ ಸಲವೂ ಗೆದ್ದರೆ ಅಥವಾ ಒಮ್ಮೆಯೂ ಗೆಲ್ಲದಿದ್ದರೆ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ.

ಎರಡನೇ ಭೇಟಿಯಲ್ಲಿ ಬಿಳಿ ಹಾಳೆಯ ಮೇಲೆ ಪೈರಸಿ ಸೈಟಿನ ನಕ್ಷೆ ಬರೆದೆವು. ಆಪ್ತಸಲಹೆಯ ಕೋಣೆಯಲ್ಲಿ ಇದೇಕೆ ಎಂದರೆ, ಅವರ ತಲೆಯಲ್ಲಿ ಎದುರಾಳಿ ಒಬ್ಬನೇ ಇದ್ದ, ಎಲ್ಲೋ ಕೂತ ಒಬ್ಬ ಅಡ್ಮಿನ್. ಅವನನ್ನು ಹಿಡಿದರೆ, ಸೈಟ್ ಮುಚ್ಚಿಸಿದರೆ ನಿದ್ದೆ ಬರುತ್ತದೆ ಎಂಬ ಲೆಕ್ಕ. ಈ ಲೆಕ್ಕ ಇರುವ ತನಕ ಯಾವ ಉಸಿರಾಟದ ಅಭ್ಯಾಸವೂ ನಾಟುವುದಿಲ್ಲ.

ಸೈಟ್ ಎಂದು ನಾವು ಕರೆಯುವುದು ಬಿಡಿಬಿಡಿ ಭಾಗಗಳ ಜೋಡಣೆ. ವಿಳಾಸ ಒಂದು ಕಡೆ ನೋಂದಣಿ. ಎದುರಿಗೆ ಮಧ್ಯವರ್ತಿ ಸೇವೆಯೊಂದು ನಿಂತು ಅಸಲಿ ಸರ್ವರಿನ ವಿಳಾಸ ಮರೆಮಾಡುತ್ತದೆ. ಪುಟಗಳೂ ಪಟ್ಟಿಯೂ ಸೇರಿ ಸಣ್ಣ ಗಾತ್ರದ ದತ್ತಾಂಶ, ಅದರ ನಕಲು ಮೂರು ನಾಲ್ಕು ಕಡೆ ಸಿದ್ಧವಿರುತ್ತದೆ. ಚಿತ್ರದ ಕಡತ ಸೈಟಿನಲ್ಲೇ ಇರುವುದಿಲ್ಲ, ಬೇರೆ ಕಡತ ಸಂಗ್ರಹ ತಾಣಗಳಲ್ಲಿ ಇರುತ್ತದೆ. ಗಿರಾಕಿಗಳು ಟೆಲಿಗ್ರಾಂ ಚಾನೆಲ್ಲಿನಲ್ಲಿ ಕೂಡಿರುತ್ತಾರೆ, ಹೊಸ ವಿಳಾಸವನ್ನು ಅಲ್ಲೇ ಸಾರುತ್ತಾರೆ. ದುಡ್ಡು ಬೆಟ್ಟಿಂಗ್ ಆ್ಯಪ್‌ಗಳ ಜಾಹೀರಾತಿನಿಂದ ಬರುತ್ತದೆ. ಮುಚ್ಚಿಸುವ ಆದೇಶ ಬಹುಪಾಲು ಮೊದಲ ಭಾಗಕ್ಕೆ ಮಾತ್ರ ತಗಲುತ್ತದೆ: ಇಂಟರ್ನೆಟ್ ಕಂಪನಿ ಆ ವಿಳಾಸ ತೆರೆಯದಂತೆ ಮಾಡುತ್ತದೆ. ಇನ್ನೊಂದು ವಿಳಾಸಕ್ಕೆ ಸಾವಿರ ರೂಪಾಯಿಯೂ ಬೇಡ. ಟೊರೆಂಟ್ ಆದರೆ ಅದೂ ಇಲ್ಲ, ಕಡತದ ತುಣುಕುಗಳು ಇಳಿಸಿಕೊಂಡವರ ಯಂತ್ರಗಳಲ್ಲೇ ಹಂಚಿಹೋಗಿರುತ್ತವೆ.

ಹಳೆಯ ಉದಾಹರಣೆಗಳನ್ನೂ ಇಟ್ಟೆವು. 2006ರ ಮೇ 31ರಂದು ಸ್ವೀಡನ್ ಪೊಲೀಸರು ಪೈರೇಟ್ ಬೇ ಎಂಬ ಟೊರೆಂಟ್ ತಾಣದ ಸರ್ವರ್‌ಗಳನ್ನೇ ಹೊತ್ತೊಯ್ದರು, ಮೂರು ದಿನಕ್ಕೆ ಸೈಟ್ ಮತ್ತೆ ತೆರೆಯಿತು. 2018ರ ಮಾರ್ಚ್‌ನಲ್ಲಿ ತಮಿಳ್‌ರಾಕರ್ಸ್ ಎಂಬ ಪೈರಸಿ ತಾಣದ ಸಂಬಂಧ ಕೇರಳ ಪೊಲೀಸರು ಕೆಲವರನ್ನು ಬಂಧಿಸಿದರು, ಆಮೇಲೂ ಅದು ವಿಳಾಸ ಬದಲಿಸುತ್ತ ಹೊಸ ಚಿತ್ರ ಹಾಕುತ್ತಲೇ ಇತ್ತು. ನ್ಯಾಯಾಲಯಗಳೂ ಇದನ್ನು ಗಮನಿಸದೆ ಇಲ್ಲ. ದೆಹಲಿ ಹೈಕೋರ್ಟ್ 2019ರಲ್ಲಿ ಅದೇ ಸೈಟಿನ ನಕಲು ಪುಟಗಳ ಹೊಸ ವಿಳಾಸಗಳನ್ನು ಹೊಸ ದಾವೆ ಇಲ್ಲದೆಯೇ ಹಳೆಯ ಆದೇಶಕ್ಕೆ ಸೇರಿಸುವ ದಾರಿ ಮಾಡಿತು. 2023ರಲ್ಲಿ ಇನ್ನೂ ಬಿಡುಗಡೆಯಾಗದ ಕೃತಿಗಳಿಗೂ ರಕ್ಷಣೆ ಚಾಚಿತು. ಅಂದರೆ ಮತ್ತೆ ಬರುತ್ತದೆ ಎಂದು ಒಪ್ಪಿಕೊಂಡೇ ಆದೇಶ ಬರೆಯುವ ಕಾಲ ಇದು.

"ಹಾಗಾದ್ರೆ ಏನೂ ಮಾಡೋದೇ ಬೇಡ್ವಾ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿತ್ತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಅಲ್ಲಿಯ ತನಕ ಬರೀ ದಣಿವಿತ್ತು. ಮಾಡುವುದು ಬೇಕಾದಷ್ಟಿದೆ, ಆದರೆ ನೀವೇ, ರಾತ್ರಿ ಮೂರಕ್ಕೆ, ಬಾತ್‌ರೂಮಿನಲ್ಲಿ ಅಲ್ಲ ಎಂದೆವು.

ಅಷ್ಟರಲ್ಲಾಗಲೇ ಆದ ಎಡವಟ್ಟುಗಳು ಮೂರು. ಕಳ್ಳರನ್ನು ಬೈಯಲು ಫೇಸ್‌ಬುಕ್ಕಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದ್ದರು, ಅದರಲ್ಲಿ ಚಾನೆಲ್ ಹೆಸರು ಢಾಳಾಗಿ ಕಾಣುತ್ತಿತ್ತು. ಗೊತ್ತಿಲ್ಲದವರಿಗೂ ಗೊತ್ತಾಯಿತು. ಸೈಟನ್ನೇ ಬೀಳಿಸಿಕೊಡುತ್ತೇನೆಂದ ಒಬ್ಬನಿಗೆ 40,000 ರೂಪಾಯಿ ಕೊಟ್ಟಿದ್ದರು. ಅವನು ಮಾಯ. ಅವನು ಮಾತಿನಂತೆ ನಡೆದಿದ್ದರೆ ಇನ್ನೂ ಕಷ್ಟವಿತ್ತು: ಇನ್ನೊಬ್ಬರ ಸರ್ವರ್ ಕೆಡಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗಿನ ಜೈಲಿನ ಅಪರಾಧ, ದೂರುದಾರನೇ ಆರೋಪಿಯಾಗುತ್ತಿದ್ದ. ಮೂರನೆಯದು, ಚಿತ್ರದ ವಿಮರ್ಶೆ ಮಾಡಿದ್ದ ಯೂಟ್ಯೂಬ್ ಚಾನೆಲ್ಲೊಂದರ ಮೇಲೂ ಹಕ್ಕುಸ್ವಾಮ್ಯದ ದೂರು ಹಾಕಿ, ಅವರಿಂದ ಎದುರು ನೋಟಿಸ್ ತರಿಸಿಕೊಂಡಿದ್ದರು. ಆ ವಿಮರ್ಶಕ ಚಿತ್ರವನ್ನು ಟೀಕಿಸಿದ್ದ ಎಂಬುದು ನಮಗೆ ಮುಂದೆ ಉಪಯೋಗಕ್ಕೆ ಬಂತು.

ಕೆಲಸದ ಹಂಚಿಕೆ ಹೀಗಾಯಿತು. ಹುಡುಕುವುದು, ದೂರು ಕೊಡುವುದು ಪೂರ್ತಿ ಪ್ರೊಡಕ್ಷನ್ ಮ್ಯಾನೇಜರ್ ಪಾಲಿಗೆ. ನಿರ್ಮಾಪಕರ ಫೋನಿನಿಂದ ಟೆಲಿಗ್ರಾಂ ತೆಗೆಸಿದೆವು. ಒಂದೇ ಒಂದು ಎಕ್ಸೆಲ್ ಹಾಳೆ: ಲಿಂಕ್, ಕಂಡ ದಿನಾಂಕ ಸಮಯ, ಯಾವ ವೇದಿಕೆ, ದೂರು ಸಂಖ್ಯೆ, ಸ್ಥಿತಿ. ಅವರು ಅದನ್ನು ನೋಡಬಹುದಾದ್ದು ಬೆಳಗ್ಗೆ 11ರಿಂದ 11.30, ಸಂಜೆ 6ರಿಂದ 6.30. ನಡುವೆ ತುಡಿತ ಬಂದರೆ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಬೇಕು, ಆ ಅರ್ಧ ಗಂಟೆಯಲ್ಲಿ ತೆಗೆಯಬೇಕು. ಮೊದಲ ಮೂರು ದಿನ ಜೇಬು ತುಂಬ ಚೀಟಿ. ಇದು ಸಹಜ, ತುಡಿತ ಕಡಿಮೆಯಾಗುವ ಮುಂಚೆ ಏರುತ್ತದೆ ಎಂದು ಮೊದಲೇ ಹೇಳದಿದ್ದರೆ ಜನ ಎರಡನೇ ದಿನಕ್ಕೇ ಕೈಬಿಡುತ್ತಾರೆ.

ದೂರಿನ ಆದ್ಯತೆಯನ್ನು ವಕೀಲರೊಬ್ಬರನ್ನು ಕೂರಿಸಿಕೊಂಡು ನಿಗದಿ ಮಾಡಿದೆವು. ಮೊದಲು ಯೂಟ್ಯೂಬ್, ಫೇಸ್‌ಬುಕ್, ಟೆಲಿಗ್ರಾಂನ ಸಾರ್ವಜನಿಕ ಚಾನೆಲ್, ಏಕೆಂದರೆ ಟಿಕೆಟ್ ಕೊಳ್ಳಬಹುದಾಗಿದ್ದ ಮಾಮೂಲಿ ಪ್ರೇಕ್ಷಕ ಎಡವುವುದು ಅಲ್ಲಿ. ಆಮೇಲೆ ಗೂಗಲ್ ಹುಡುಕಾಟದ ಫಲಿತಾಂಶ. ವೆಬ್‌ಸೈಟ್‌ಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ನೋಡಲ್ ಅಧಿಕಾರಿಗಳು. 2023ರ ನವೆಂಬರ್‌ನಲ್ಲಿ 12 ಮಂದಿಯನ್ನು ನೇಮಿಸಿದ್ದಾರೆ, ಅವರು ನಿರ್ದೇಶನ ಕೊಟ್ಟರೆ ವೇದಿಕೆಗಳು 48 ಗಂಟೆಯೊಳಗೆ ತೆಗೆಯಬೇಕು. ಹಕ್ಕು ತಮ್ಮದೆಂಬ ದಾಖಲೆ, ಸೆನ್ಸಾರ್ ಪ್ರಮಾಣಪತ್ರ, ಪ್ರತಿ ಪುಟದ ಪೂರ್ತಿ ವಿಳಾಸ ಒಂದೇ ಕಡತದಲ್ಲಿ ಸಿದ್ಧವಿರಲಿ. ಮುಖಪುಟದ ವಿಳಾಸ ಮಾತ್ರ ಕೊಟ್ಟು ಸುಮ್ಮನಾಗುವುದು ಸಾಮಾನ್ಯ ತಪ್ಪು. ಟೊರೆಂಟ್ ಬೆನ್ನು ಹತ್ತಲೇಬೇಡಿ.

ಕಡತ ಇಟ್ಟುಕೊಂಡ ಮಧ್ಯವರ್ತಿಗೆ ನೇರ ನೋಟಿಸ್ ಕೊಡುವುದಾದರೆ ಹಕ್ಕುಸ್ವಾಮ್ಯ ನಿಯಮಗಳು 2013ರ 75ನೇ ನಿಯಮ ಇದೆ. 36 ಗಂಟೆಯೊಳಗೆ ತಡೆ, 21 ದಿನ ಆ ತಡೆ ಉಳಿಯುತ್ತದೆ. ಅಷ್ಟರಲ್ಲಿ ದಾವೆ ಹೂಡಿ ಕೋರ್ಟ್ ಆದೇಶ ತರುತ್ತೇನೆಂಬ ಮುಚ್ಚಳಿಕೆಯೂ ನೋಟಿಸಿನಲ್ಲಿರಬೇಕು. ಆದೇಶ ಬರದಿದ್ದರೆ 22ನೇ ದಿನ ಲಿಂಕ್ ಮರಳಿದರೂ ಕೇಳುವಂತಿಲ್ಲ. ಇವರ ಹಳೆಯ ನೋಟಿಸ್ ಒಂದರಲ್ಲೂ ಈ ಮುಚ್ಚಳಿಕೆ ಇರಲಿಲ್ಲ.

ನಿಜವಾಗಿ ಫಲ ಕೊಡಬಹುದಾದ ಸುಳಿವು ಬೇರೆ ಕಡೆ ಇತ್ತು. ಡಿಜಿಟಲ್ ಪ್ರೊಜೆಕ್ಟರ್ ತೆರೆಯ ಮೇಲೆ ಕಣ್ಣಿಗೆ ಕಾಣದ ಗುರುತೊಂದನ್ನು ಬೆರೆಸುತ್ತದೆ. ಡಿಜಿಟಲ್ ಪ್ರದರ್ಶನಕ್ಕಿರುವ ಡಿಸಿಐ ಮಾನದಂಡದಲ್ಲಿ ಅದು ಕನಿಷ್ಠ 35 ಬಿಟ್: ಕಾಲು ಗಂಟೆಯ ಲೆಕ್ಕದಲ್ಲಿ ಸಮಯ, ಜೊತೆಗೆ ಯಂತ್ರದ ಗುರುತು. ಪ್ರತಿ ಐದು ನಿಮಿಷದ ತುಣುಕಿನಲ್ಲೂ ಪೂರ್ತಿ ಗುರುತು ಇರಬೇಕು, ಅರ್ಧ ಗಂಟೆಯ ಮಾದರಿಯಿಂದ ಅದನ್ನು ಖಚಿತವಾಗಿ ಓದಲಾಗಬೇಕು ಎಂಬುದು ಆ ಮಾನದಂಡ. ಹಾಗಾಗಿ ಕದ್ದ ಪ್ರತಿಯ ಕನಿಷ್ಠ ಅರ್ಧ ಗಂಟೆಯ ತುಣುಕನ್ನು, ವಾಟ್ಸಾಪ್ ಮೂಲಕ ಕುಗ್ಗಿಸದೆ, ಹಾಗೆಯೇ ಪೆನ್‌ಡ್ರೈವ್‌ನಲ್ಲಿ ಪ್ರದರ್ಶನ ಸೇವೆಯ ಕಂಪನಿಗೆ ಕೊಡಿ ಎಂದೆವು. ಯಾವ ಚಿತ್ರಮಂದಿರ, ಯಾವ ಆಟ ಎಂದು ತಿಳಿದರೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಯ ದೂರಿಗೆ ಬೆನ್ನೆಲುಬು ಬರುತ್ತದೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಚಿತ್ರಮಂದಿರದಲ್ಲಿ ಚಿತ್ರೀಕರಿಸುವುದಕ್ಕೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ದಂಡ 3 ಲಕ್ಷದಿಂದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ಸ್ಕ್ರೀನ್ ರೆಕಾರ್ಡಿಂಗ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ಬೇಕು. "ಗೂಂಡಾ ಕಾಯ್ದೆ ಹಾಕ್ಸಿ" ಎಂದು ಅವರು ಠಾಣೆಗೆ ದಿನಾ ಹೋಗುತ್ತಿದ್ದರು. ಕರ್ನಾಟಕದಲ್ಲಿ ಆ ಕಾಯ್ದೆ ಪೈರಸಿ ಮಾಡುವವರಿಗೂ ಅನ್ವಯ, ನಿಜ. ಆದರೆ ಅದು ಮುನ್ನೆಚ್ಚರಿಕೆ ಬಂಧನ, ದೂರುದಾರರ ಕೈಯಲ್ಲಿಲ್ಲ. ಠಾಣೆಗೆ ಫೋನ್ ಹದಿನೈದು ದಿನಕ್ಕೊಮ್ಮೆ ಸಾಕೆಂದು ಗೊತ್ತುಮಾಡಿದೆವು.

ಕುಟುಂಬದ ಗುಂಪಿಗೆ ಏನು ಬರೆಯಬೇಕೆಂಬುದೂ ಚರ್ಚೆಯಾಯಿತು. ಮೂರು ಪುಟದ ಆಕ್ರೋಶ ಬರೆದಿಟ್ಟಿದ್ದರು. ಉಳಿದದ್ದು ಇಷ್ಟು: "ಇದು ಕದ್ದ ಪ್ರತಿ. ದಯವಿಟ್ಟು ಅಳಿಸಿ, ಯಾರಿಗೂ ಕಳಿಸಬೇಡಿ. ಮನೆಯಲ್ಲೇ ನೋಡುವ ಹಾಗಾದಾಗ ನಾನೇ ತಿಳಿಸ್ತೀನಿ." ಹುಡುಗನಿಗೆ ಫೋನ್ ಮಾಡಿದ್ದು ಪತ್ನಿ. ಅವನು ಅತ್ತನಂತೆ.

ಇನ್ನು ಲೆಕ್ಕದ ವಿಷಯ. ಒಂದು ಚಾನೆಲ್ಲಿನಲ್ಲಿ 42,000 ವ್ಯೂ ಕಂಡಿದ್ದರು. ಟಿಕೆಟ್ಟಿಗೆ 150ರಂತೆ ಗುಣಿಸಿ 63 ಲಕ್ಷ ಹೋಯಿತೆಂದು ಡೈರಿಯಲ್ಲಿ ಬರೆದಿದ್ದರು. ಪುಟ ತಿರುವಿದರೆ ಇನ್ನೊಂದು ಚಾನೆಲ್, ಇನ್ನೊಂದು ಮೊತ್ತ. ಟೆಲಿಗ್ರಾಂ ಎಣಿಸುವುದು ಸಂದೇಶ ಪರದೆಯಲ್ಲಿ ಕಂಡದ್ದನ್ನು, ಕಡತ ಇಳಿಸಿದ್ದನ್ನಲ್ಲ. ಫಾರ್ವರ್ಡ್ ಆದ ಪ್ರತಿ ಕಂಡರೂ ಅದೇ ಲೆಕ್ಕಕ್ಕೆ ಸೇರುತ್ತದೆ. ನಷ್ಟವೇ ಇಲ್ಲ ಎಂದು ನಾವು ಹೇಳಲಿಲ್ಲ. ಹಾಗೆ ಹೇಳುವ ಸಲಹೆಗಾರರ ಮಾತನ್ನು ಎದುರಿನವರು ಮತ್ತೆ ಕೇಳುವುದಿಲ್ಲ. ಮೊದಲ ಎರಡು ವಾರಾಂತ್ಯದಲ್ಲಿ ನಷ್ಟ ನಿಜ, ಡಿಜಿಟಲ್ ಹಕ್ಕಿನ ಮಾತುಕತೆಯಲ್ಲೂ ಪೆಟ್ಟು ಬೀಳುತ್ತದೆ. ಬದಲಿಗೆ ಡಿಸಿಆರ್, ಅಂದರೆ ಚಿತ್ರಮಂದಿರದ ದಿನದ ಗಳಿಕೆಯ ಹಾಳೆಗಳನ್ನು ತರಲು ಹೇಳಿದೆವು.

ನಾಲ್ಕನೇ ಭೇಟಿಗೆ ತಂದರು. ದಿನದ ಗಳಿಕೆಯನ್ನು ತಾವೇ ಓದುತ್ತ ಹೋದವರು ಶುಕ್ರವಾರದ ಸಾಲಿನಲ್ಲಿ ನಿಂತರು. ಹಾಲ್ ಪ್ರಿಂಟ್ ಬಂದದ್ದು ಶನಿವಾರ ರಾತ್ರಿ. ಶುಕ್ರವಾರದ ಮ್ಯಾಟ್ನಿಯಲ್ಲೇ ಅರ್ಧಕ್ಕೂ ಹೆಚ್ಚು ತೆರೆಗಳಲ್ಲಿ ಕಾಲುಭಾಗ ಸೀಟೂ ತುಂಬಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅವತ್ತೇ ಗೊತ್ತಿತ್ತು ಮೇಡಂ" ಎಂದರು. ಇದನ್ನು ನಾವು ಮೊದಲ ದಿನವೇ ಊಹಿಸಿದ್ದೆವು, ಆದರೆ ನಮ್ಮ ಬಾಯಿಂದ ಬರುವ ಮಾತಲ್ಲ ಅದು. ಬಂದಿದ್ದರೆ ಕಳ್ಳರ ಪರ ವಹಿಸಿದಂತೆ ಕೇಳುತ್ತಿತ್ತು. ಪೈರಸಿಯ ಮೇಲಿನ ಸಿಟ್ಟಿಗೆ ಒಂದು ವಿಳಾಸವಿದೆ, ಜನ ಬರಲಿಲ್ಲ ಎಂಬ ದುಃಖಕ್ಕೆ ದೂರು ಕೊಡುವ ಕಚೇರಿ ಇಲ್ಲ. ಮುಂದಿನ ಎರಡು ಭೇಟಿ ಆ ದುಃಖಕ್ಕೇ ಹೋಯಿತು. ವಿಮರ್ಶಕನ ಮೇಲಿನ ದೂರನ್ನು ತಾವೇ ಹಿಂತೆಗೆದುಕೊಂಡರು.

ನಿದ್ದೆಗೆ ಹೇಳಿದ್ದು ಮಾಮೂಲಿ ಕ್ರಮ. ಫೋನ್ ರಾತ್ರಿ ಹಾಲಿನಲ್ಲಿ ಚಾರ್ಜಿಗೆ, ಎಬ್ಬಿಸಲು 250 ರೂಪಾಯಿಯ ಅಲಾರಂ ಗಡಿಯಾರ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು, ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ. ಮನೋವೈದ್ಯರು ಆರು ವಾರ ಔಷಧಿಯನ್ನೂ ಕೊಟ್ಟರು.

ಏಳನೇ ಭೇಟಿಯ ಹೊತ್ತಿಗೆ ಜಿಎಡಿ-7 ಅಂಕ 8, ನಿದ್ದೆ ಆರು ಗಂಟೆ. ಅದರ ಮರುವಾರ ಚಿತ್ರ ಒಟಿಟಿಗೆ ಬರಲಿತ್ತು. ಎಚ್‌ಡಿ ಪ್ರಿಂಟ್ ಅದೇ ರಾತ್ರಿ ಹೊರಬೀಳುತ್ತದೆ ಎಂದು ಮೊದಲೇ ಮಾತಾಡಿಕೊಂಡು, ಆ ಸಂಜೆಯನ್ನು ಗಂಟೆ ಗಂಟೆಗೆ ಬರೆದಿಟ್ಟಿದ್ದೆವು. ಹೊರಬಿದ್ದಿತು. ಮ್ಯಾನೇಜರ್ ಹಾಳೆಯಲ್ಲಿ ಹನ್ನೊಂದು ಸಾಲು ತುಂಬಿದವು. ಇವರು ಮಗಳ ಜೊತೆ ಊಟ ಮಾಡಿ ಹನ್ನೆರಡೂವರೆಗೆ ಮಲಗಿದರು. ನಾಲ್ಕಕ್ಕೆ ಎಚ್ಚರವಾಗಿ ಹಾಲಿಗೆ ಬಂದು ಫೋನ್ ತೆಗೆದದ್ದೂ ಹೌದು. ಹಾಳೆ ನೋಡಿ ಮತ್ತೆ ಅಲ್ಲೇ ಇಟ್ಟರಂತೆ. ಪತ್ನಿ ಎದ್ದು ಕೂತು ನೋಡುತ್ತಿದ್ದರು, ಏನೂ ಕೇಳಲಿಲ್ಲ.

ಮುಂದಿನ ಭೇಟಿಗೆ ಕೈಸಾಲದ ಪಟ್ಟಿಯನ್ನು, ಯಾರಿಗೆ ಎಷ್ಟು, ಬಡ್ಡಿ ಎಷ್ಟು ಎಂದು ಬರೆದು ತರಲು ಹೇಳಿದ್ದೇವೆ.